ಸೇವಾನಿವೃತ್ತಿಯೂ ಕಾಯಕತತ್ತ್ವವೂ

‘ನಿವೃತ್ತಿ’ ಎಂಬ ಪದವು ನಮ್ಮಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಶಾಸ್ತ್ರಗ್ರಂಥಗಳಲ್ಲಿ ಪ್ರವೃತ್ತಿಗೆ ಪ್ರತಿಯಾಗಿ ಹೇಳಲಾಗುವ ನಿವೃತ್ತಿಯು ವಿಷಯಗಳಿಂದ ಮನಸ್ಸು ಹಿಂದಿರುಗುವುದನ್ನು ಸೂಚಿಸುತ್ತದೆ. ಅದು ಸಾಧಕನು ತನ್ನ ಪ್ರಯತ್ನದಿಂದಲೇ ಸಂಪಾದಿಸಬೇಕಾದ ಸ್ಥಿತಿ. ಕಚೇರಿಯ ಕಾಗದಪತ್ರಗಳಲ್ಲಿ ಬರುವ ನಿವೃತ್ತಿಯಾದರೋ ಹುಟ್ಟಿದ ದಿನಾಂಕವನ್ನು ನೋಡಿ ಗುಮಾಸ್ತರು ಲೆಕ್ಕ ಹಾಕಿ ತೆಗೆಯುವ ಒಂದು ತಾರೀಖು. ಅದನ್ನು ಯಾರೂ ಸಂಪಾದಿಸಬೇಕಾಗಿಲ್ಲ. ಅದು ತಾನಾಗಿಯೇ ಬರುತ್ತದೆ. ಮೊದಲನೆಯ ನಿವೃತ್ತಿಯಲ್ಲಿ ಕೈ ದುಡಿಯುತ್ತಿದ್ದರೂ ಮನಸ್ಸು ಬಿಟ್ಟಿರುತ್ತದೆ. ಎರಡನೆಯದರಲ್ಲಿ ಕೈಗೆ ಬಿಡುವು ದೊರೆತರೂ ಮನಸ್ಸು ಇನ್ನೂ ಹಾಜರಿ ಪುಸ್ತಕದ ಮೇಲೆಯೇ ಇರುತ್ತದೆ. ಸೇವೆಯಿಂದ ನಿವೃತ್ತರಾದವರ ತೊಳಲಾಟಕ್ಕೆ ಮೂಲವು ಈ ಅಂತರದಲ್ಲಿದೆ.

ಕರ್ನಾಟಕದ ಸರಕಾರಿ ನೌಕರರ ನಿವೃತ್ತಿಯ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಲಾಯಿತು. ಅರುವತ್ತನೆಯ ವಯಸ್ಸಿನಲ್ಲಿ ಶಾಲು-ಹಾರಗಳ ಸನ್ಮಾನವನ್ನು ಸ್ವೀಕರಿಸಿ ಮನೆಗೆ ಬಂದವನ ಮುಂದೆ, ಆಯುಷ್ಯವು ಗಟ್ಟಿಯಾಗಿದ್ದರೆ, ಇನ್ನೂ ಹದಿನೈದು ಇಪ್ಪತ್ತು ವರ್ಷಗಳು ಬಿದ್ದಿರುತ್ತವೆ. ಸೇವಾವಧಿಯ ಅರ್ಧಕ್ಕಿಂತ ಹೆಚ್ಚಾದ ಈ ಕಾಲವನ್ನು ಹೇಗೆ ಬಾಳಬೇಕು ಎಂಬ ಪ್ರಶ್ನೆಗೆ ಇಂದು ಆರೋಗ್ಯದ ಪುಸ್ತಕಗಳು, ಹಣ ಹೂಡುವ ಸಲಹೆಗಾರರು, ನಿವೃತ್ತ ನೌಕರರ ಸಂಘಗಳು ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕೊಡುತ್ತಾರೆ. ಆ ಉತ್ತರಗಳು ಬೇಕಾದವುಗಳೇ. ಆದರೆ ದುಡಿಮೆಯ ತತ್ತ್ವವನ್ನು ಧರ್ಮದ ನಟ್ಟನಡುವೆ ಇಟ್ಟ ಶರಣರ ಪರಂಪರೆಯಲ್ಲಿ ಹುಟ್ಟಿದ ನಾವು ಈ ಪ್ರಶ್ನೆಯನ್ನು ಆ ಪರಂಪರೆಯ ಮುಂದೆ ಇಟ್ಟು ನೋಡುವುದು ಅವಶ್ಯವಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಾಲ್ಕು ನೆರೆಹೊರೆಯ ತಾಲ್ಲೂಕುಗಳ ಜನಜೀವನವನ್ನು ಕಣ್ಣಮುಂದೆ ಇಟ್ಟುಕೊಂಡು ಈ ವಿಚಾರವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

ಯಾರಿಗೆ ನಿವೃತ್ತಿ?

ಮೊದಲಿಗೆ ಗಮನಿಸಬೇಕಾದ ಸಂಗತಿಯೆಂದರೆ ನಿವೃತ್ತಿ ಎಂಬುದು ಎಲ್ಲರ ಪಾಲಿಗೂ ಬರುವುದಲ್ಲ. ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ದುಡಿದು ಉಣ್ಣುವವರ ದೊಡ್ಡ ಸಂಖ್ಯೆ ಒಕ್ಕಲುತನದಲ್ಲಿ ಮತ್ತು ನೇಕಾರಿಕೆಯಲ್ಲಿ ಇದೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಿನಿಂದ ಮುಧೋಳ, ಜಮಖಂಡಿಗಳ ಕಡೆ ಕಬ್ಬಿನ ಬೆಳೆ ಹಬ್ಬಿದೆ. ರಬಕವಿ, ಬನಹಟ್ಟಿಗಳಲ್ಲಿ ಮಗ್ಗದ ಸಪ್ಪಳವಿಲ್ಲದ ಓಣಿ ಅಪರೂಪ. ಕಬ್ಬಿನ ಗದ್ದೆಗೆ ನೀರು ಹಾಯಿಸುವವನಿಗೆ ಯಾರೂ ನಿವೃತ್ತಿಯ ಆದೇಶವನ್ನು ಕಳಿಸುವುದಿಲ್ಲ. ನೇಕಾರನಿಗೂ ಇಲ್ಲ. ಆತನ ಕಣ್ಣು ಮಂಜಾದ ದಿನ, ಮೊಣಕಾಲು ಹಿಡಿದುಕೊಂಡ ದಿನ ಮಗ್ಗವು ಮಗನ ಕೈಗೆ ಹೋಗುತ್ತದೆ. ಅದಕ್ಕೆ ಸಮಾರಂಭವಿಲ್ಲ, ಭಾಷಣವಿಲ್ಲ.

ಅರುವತ್ತೈದು ವರ್ಷ ದಾಟಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು ಮುಂತಾದವರಿಗಾಗಿ ರಾಜ್ಯ ಸರಕಾರವು 2007ರಲ್ಲಿ ‘ಸಂಧ್ಯಾ ಸುರಕ್ಷಾ’ ಯೋಜನೆಯನ್ನು ಜಾರಿಗೆ ತಂದಿತು. ಅದರಿಂದ ಬರುವ ಮಾಸಾಶನವು ಅಲ್ಪವಾದದ್ದು. ಸಕ್ಕರೆ ಕಾರ್ಖಾನೆಯಂತಹ ಸಂಘಟಿತ ಉದ್ಯಮದಲ್ಲಿ ದುಡಿದವನಿಗೆ 1995ರ ನೌಕರರ ಪಿಂಚಣಿ ಯೋಜನೆಯ ಪ್ರಕಾರ 58ನೆಯ ವಯಸ್ಸಿನಿಂದ ಪಿಂಚಣಿ ದೊರೆಯುತ್ತದೆ. ಆ ಯೋಜನೆಯ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ಶಿಕ್ಷಕ, ಗುಮಾಸ್ತ, ಪೊಲೀಸ್ ಮುಂತಾದ ಸರಕಾರಿ ಸೇವೆಯವರಲ್ಲಿಯೂ ಎರಡು ವರ್ಗಗಳಿವೆ. ಹಳೆಯ ನಿಯಮದಂತೆ ನಿಶ್ಚಿತ ನಿವೃತ್ತಿ ವೇತನ ಪಡೆಯುವವರು ಒಂದು ಕಡೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇವೆಗೆ ಸೇರಿ, ವಂತಿಗೆಯನ್ನು ಆಧರಿಸಿದ ಹೊಸ ಪದ್ಧತಿಯೊಳಗೆ ಬಂದವರು ಇನ್ನೊಂದು ಕಡೆ.

ಆದುದರಿಂದ ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿಗೆ ಹೋಗಿ ನಿವೃತ್ತಿ ವೇತನವನ್ನು ತೆಗೆದುಕೊಂಡು ಬರುವ ಶಿಕ್ಷಕನು ತನ್ನ ಊರಿನ ಮುದುಕರಲ್ಲಿ ಅಲ್ಪಸಂಖ್ಯಾತನು. ಆತನು ‘ಹೊತ್ತು ಹೋಗುವುದಿಲ್ಲ’ ಎಂದು ನಿಟ್ಟುಸಿರು ಬಿಡುವ ಅದೇ ಓಣಿಯಲ್ಲಿ, ಆತನ ಓರಗೆಯ ನೇಕಾರನಿಗೆ ಹೊತ್ತು ಸಾಲುವುದಿಲ್ಲ. ಈ ಎರಡು ಬಾಳುಗಳನ್ನು ಒಟ್ಟಿಗೆ ಇಟ್ಟು ನೋಡದ ಹೊರತು ನಿವೃತ್ತಿಯ ವಿಚಾರವು ಪೂರ್ಣವಾಗದು.

ನೌಕರಿ ಬೇರೆ, ಕಾಯಕ ಬೇರೆ

‘ಕಾಯಕ’ವೆಂಬ ಪದದಲ್ಲಿಯೇ ‘ಕಾಯ’ವಿದೆ. ಕಾಯದಿಂದ ನಡೆಯುವುದು ಕಾಯಕ. ಈ ಸರಳವಾದ ನಿಷ್ಪತ್ತಿಯಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬೀಜವು ಅಡಗಿದೆ. ನೌಕರಿಗೆ ಆರಂಭವೂ ಕೊನೆಯೂ ಉಂಟು; ಅದು ಒಬ್ಬರು ಕೊಟ್ಟದ್ದು, ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳುವಂಥದ್ದು. ಕಾಯಕವನ್ನು ಕೊಟ್ಟದ್ದು ಕಾಯವೇ. ಕಾಯವಿರುವವರೆಗೆ, ಅದರ ಶಕ್ತಿಗೆ ತಕ್ಕಂತೆ, ಅದು ಇದ್ದೇ ಇರುತ್ತದೆ.

ಶರಣರು ಎಲ್ಲ ದುಡಿಮೆಯನ್ನೂ ಕಾಯಕವೆಂದು ಕರೆಯಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ವಚನಗಳನ್ನು ಒಟ್ಟಾಗಿ ಓದಿದವರಿಗೆ ಕಾಯಕಕ್ಕೆ ಮೂರು ಲಕ್ಷಣಗಳು ಸ್ಪಷ್ಟವಾಗುತ್ತವೆ. ಅದು ಸತ್ಯಶುದ್ಧವಾಗಿರಬೇಕು, ಎಂದರೆ ಮೋಸವಿಲ್ಲದ ಸ್ವಂತ ಶ್ರಮವಾಗಿರಬೇಕು. ಅದರಲ್ಲಿ ಮೇಲು ಕೀಳೆಂಬ ಭಾವ ಇರಬಾರದು. ಅದರ ಫಲವು ದಾಸೋಹಕ್ಕೆ ಸಲ್ಲಬೇಕು. ಈ ಮೂರರಲ್ಲಿ ಯಾವುದೂ ವೇತನಶ್ರೇಣಿಯನ್ನು ಅವಲಂಬಿಸಿಲ್ಲ, ಹುದ್ದೆಯನ್ನೂ ಅವಲಂಬಿಸಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನು ಮಕ್ಕಳ ಮೇಲಿನ ಪ್ರೀತಿಯಿಂದ ಹೇಳಿದ್ದರೆ ಅದು ಕಾಯಕವಾಗಿತ್ತು. ತಿಂಗಳ ಕೊನೆಯನ್ನು ಎಣಿಸುತ್ತ ಹೇಳಿದ್ದರೆ ಅದು ನೌಕರಿ ಮಾತ್ರವಾಗಿತ್ತು. ಎರಡೂ ಬೆರೆತಿರುವುದೇ ಸಾಮಾನ್ಯ. ನಿವೃತ್ತಿಯ ದಿನವು ಈ ಬೆರಕೆಯನ್ನು ಸೋಸಿ ಬೇರೆ ಮಾಡುತ್ತದೆ. ನೌಕರಿಯ ಭಾಗವು ಅಂದು ಮುಗಿಯುತ್ತದೆ. ಕಾಯಕದ ಭಾಗವು ಉಳಿಯುತ್ತದೆಯೋ ಇಲ್ಲವೋ ಎಂಬುದು ಮರುದಿನದ ಬೆಳಗಿನಿಂದ ತಿಳಿದುಬರುತ್ತದೆ.

ನುಲಿಯ ಚಂದಯ್ಯನ ಪ್ರಸಂಗವು ಭಕ್ತರೆಲ್ಲರಿಗೂ ಪರಿಚಿತವಾದದ್ದು. ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುತ್ತಿದ್ದ ಶರಣನು ಆತ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದಿತು. ಆತನು ಅದನ್ನು ಎತ್ತಿಕೊಳ್ಳದೆ ಕಾಯಕದಲ್ಲಿ ಮುಂದುವರಿದನು. ಲಿಂಗವೇ ಆತನ ಬೆನ್ನು ಹತ್ತಿತು. ಮಡಿವಾಳ ಮಾಚಯ್ಯನು ನಡುವೆ ಬಂದಮೇಲೆ ಆ ಲಿಂಗವೂ ಹಗ್ಗ ಮಾರುವ ಕಾಯಕಕ್ಕೆ ನಿಂತಿತು ಎಂದು ಕಥೆ ಹೇಳುತ್ತದೆ. ಲಿಂಗದ ಅವಗಣನೆಯನ್ನು ಹೇಳುವುದು ಈ ಕಥೆಯ ಉದ್ದೇಶವಲ್ಲ. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದ ನಿಯಮಕ್ಕೆ ಹೊರತಲ್ಲವೆಂಬುದು ಅದರ ತಿರುಳು. ಲಿಂಗಕ್ಕೇ ಇಲ್ಲದ ವಿನಾಯಿತಿಯನ್ನು ವಯಸ್ಸಿನ ಕಾರಣದಿಂದ ನಾವು ಕೇಳಿಕೊಳ್ಳಬಹುದೆ?

ಇಲ್ಲಿ ಒಂದು ಆಕ್ಷೇಪವು ಏಳಬಹುದು. ‘ಜೀವಮಾನವೆಲ್ಲ ದುಡಿದಾಯಿತು, ಇನ್ನಾದರೂ ಪೂಜೆ, ಜಪ, ಶಿವಾನುಭವಗಳಲ್ಲಿ ಕಾಲ ಕಳೆಯಬಾರದೆ? ಅಕ್ಕಮಹಾದೇವಿಯು ಎಲ್ಲವನ್ನೂ ತೊರೆದು ಶ್ರೀಶೈಲದ ಕದಳಿಗೆ ಹೋಗಲಿಲ್ಲವೆ? ಅಲ್ಲಮಪ್ರಭುವು ಯಾವ ನೆಲೆಗೂ ಅಂಟದೆ ಸಂಚರಿಸಲಿಲ್ಲವೆ?’ ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಪೂಜೆಗೆ ಬಿಡುವು ದೊರೆಯುವುದು ನಿವೃತ್ತಿಯ ದೊಡ್ಡ ಲಾಭವೇ ಸರಿ. ಆದರೆ ಅಕ್ಕನೂ ಪ್ರಭುವೂ ತೊರೆದದ್ದು ವಯಸ್ಸಾಯಿತೆಂದಲ್ಲ. ಶರಣರು ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ ಎಂಬ ವಯೋಮಾನದ ಮೆಟ್ಟಿಲುಗಳ ಮೇಲೆ ಸಾಧನೆಯನ್ನು ಕಟ್ಟಲಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‍ಸ್ಥಲಗಳು ವಯಸ್ಸಿನ ಲೆಕ್ಕದಿಂದ ಏರುವಂಥವಲ್ಲ. ಇಪ್ಪತ್ತರ ಹರೆಯದಲ್ಲಿ ಶರಣಸ್ಥಲಕ್ಕೆ ಸಂದವರು ಇರಬಹುದು. ಎಂಬತ್ತರಲ್ಲಿಯೂ ಭಕ್ತಸ್ಥಲದ ಹೊಸ್ತಿಲಲ್ಲಿಯೇ ಇರುವವರು ಇರಬಹುದು. ತಲೆ ನರೆತ ಮಾತ್ರಕ್ಕೆ ಐಕ್ಯದ ಸಮೀಪಕ್ಕೆ ಬಂದೆವೆಂದು ತಿಳಿಯುವುದು ಮನಸ್ಸಿನ ಒಂದು ಸಮಾಧಾನವಷ್ಟೆ.

ಮೋಳಿಗೆಯ ಮಾರಯ್ಯನ ಪ್ರಸಂಗದಲ್ಲಿಯೂ ಇದೇ ಪಾಠವಿದೆ. ಬಯಲಾಗುವ ಹಂಬಲದಿಂದ ಬೇರೊಂದು ನೆಲೆಯನ್ನು ಅರಸಿದ ಪತಿಗೆ ಮಹಾದೇವಮ್ಮನು ಇದ್ದಲ್ಲಿಯೇ ಇರುವುದನ್ನು ಬಿಟ್ಟು ಹೋಗಬೇಕಾದ ಬೇರೆ ಊರಿಲ್ಲವೆಂಬುದನ್ನು ಮನಗಾಣಿಸಿದಳು. ನಿವೃತ್ತಿಯನ್ನು ನಾವು ತಲುಪಬೇಕಾದ ಒಂದು ಊರೆಂದು ಭಾವಿಸಿಕೊಂಡಿದ್ದರೆ ಆ ತಾಯಿಯ ವಿವೇಕವು ನಮಗೂ ಅನ್ವಯಿಸುತ್ತದೆ.

ಅಧಿಕಾರ ಹೋದಮೇಲೆ

ನಿವೃತ್ತನನ್ನು ಮೊದಲು ಬಾಧಿಸುವುದು ಕೆಲಸದ ಅಭಾವವಲ್ಲ, ಅಧಿಕಾರದ ಅಭಾವ. ನಿನ್ನೆಯವರೆಗೆ ತಾನು ಬಂದಾಗ ಏಳುತ್ತಿದ್ದವರು ಇಂದು ಏಳುವುದಿಲ್ಲ. ತನ್ನ ಸಹಿಗಾಗಿ ಕಾಯುತ್ತಿದ್ದವರು ಇಂದು ಗುರುತು ಹಿಡಿಯುವುದಿಲ್ಲ. ತನ್ನದೇ ಪಿಂಚಣಿಯ ಕಾಗದಕ್ಕಾಗಿ ತಾನು ಇನ್ನೊಬ್ಬರ ಮೇಜಿನ ಮುಂದೆ ನಿಲ್ಲಬೇಕಾಗುತ್ತದೆ. ಮುಖ್ಯಾಧ್ಯಾಪಕನಾಗಿ ನಿವೃತ್ತನಾದವನು ಮನೆಯನ್ನೇ ಶಾಲೆಯೆಂದು ಬಗೆದು, ಮೊಮ್ಮಕ್ಕಳ ಮೇಲೆಯೂ ಸೊಸೆಯಂದಿರ ಮೇಲೆಯೂ ವೇಳಾಪತ್ರಿಕೆಯನ್ನು ಹೇರಲು ಹೋಗಿ ಮನೆಯ ಶಾಂತಿಯನ್ನು ಕೆಡಿಸುವುದು ನಾವು ಅಲ್ಲಲ್ಲಿ ಕಾಣುವ ದೃಶ್ಯವೇ ಆಗಿದೆ.

ಅಧಿಕಾರದ ಅನಿತ್ಯತೆಗೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ ನುಡಿಯುತ್ತದೆ. ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳವು ಘೋರ್ಪಡೆಯವರದು. 1948ರ ಮಾರ್ಚ್ ತಿಂಗಳಲ್ಲಿ ಇವೆರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ವಿಲೀನಗೊಂಡ ಸಂಸ್ಥಾನಗಳ ಅರಸರಿಗೆ ರಾಜಧನವೆಂಬ ವಾರ್ಷಿಕ ಮೊತ್ತವು ಗೊತ್ತಾಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಆ ರಾಜಧನವೂ ರದ್ದಾಯಿತು. ಸಿಂಹಾಸನಕ್ಕೆ ನಿವೃತ್ತಿಯಾದ ಇಪ್ಪತ್ಮೂರು ವರ್ಷಗಳಲ್ಲಿ ಪಿಂಚಣಿಗೂ ನಿವೃತ್ತಿಯಾಯಿತು. ಅರಸರ ಅಧಿಕಾರವೇ ಹೀಗೆ ಕರಗಿದ ಮಣ್ಣಿನಲ್ಲಿ ತಹಶೀಲ್ದಾರನ, ಮುಖ್ಯಾಧ್ಯಾಪಕನ, ಗುಮಾಸ್ತನ ಅಧಿಕಾರವು ಎಷ್ಟರದು!

ಈ ಸಂದರ್ಭದಲ್ಲಿ ಮತ್ತೆ ಮೋಳಿಗೆಯ ಮಾರಯ್ಯನೇ ನೆನಪಿಗೆ ಬರುತ್ತಾನೆ. ಪರಂಪರೆಯ ಪ್ರಕಾರ ಆತನು ಕಾಶ್ಮೀರದ ಅರಸನಾಗಿದ್ದನು. ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದವನು ಅಲ್ಲಿ ಮಾಜಿ ಅರಸನೆಂಬ ಬಿರುದನ್ನು ಹೊತ್ತು ಕೂಡಲಿಲ್ಲ. ಕಟ್ಟಿಗೆಯ ಹೊರೆಯನ್ನು ಹೊತ್ತನು. ಕಿರೀಟವಿದ್ದ ತಲೆಯ ಮೇಲೆ ಸೌದೆಯ ಹೊರೆ ಬಂದುದನ್ನು ಆತನು ಪತನವೆಂದು ಭಾವಿಸಲಿಲ್ಲ. ಹೊಸ ಕಾಯಕವೇ ಆತನ ಹೆಸರಾಯಿತು. ಮಹಾದೇವಭೂಪಾಲನೆಂಬ ಹಳೆಯ ಹೆಸರು ಹಿಂದೆ ಸರಿಯಿತು. ನಮ್ಮಲ್ಲಿಯಾದರೋ ಬಾಗಿಲ ಫಲಕದ ಮೇಲೆ ಹಳೆಯ ಹುದ್ದೆಯನ್ನು ಬರೆಸಿ, ಅದರ ಮುಂದೆ ‘ನಿವೃತ್ತ’ ಎಂಬ ಮೂರಕ್ಷರವನ್ನು ಸೇರಿಸುತ್ತೇವೆ. ಹೋದುದನ್ನೇ ಗುರುತಾಗಿ ಮಾಡಿಕೊಂಡವನಿಗೆ ಇರುವುದು ಕಾಣಿಸುವುದು ಕಷ್ಟ.

ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಒಂದು. ಶಿವಭಕ್ತರೆಲ್ಲರಿಗೂ ತಾನು ಭೃತ್ಯನೆಂಬ ನಮ್ರತೆಯೇ ಅದರ ಸ್ವರೂಪ. ಅಧಿಕಾರದಲ್ಲಿ ಇದ್ದಾಗ ಈ ಆಚಾರವನ್ನು ಪಾಲಿಸುವುದು ಕಠಿಣ. ಕುರ್ಚಿಯೇ ಅಡ್ಡ ಬರುತ್ತದೆ. ಅಧಿಕಾರ ಹೋದಮೇಲೆ ಅದರ ಹಾದಿಯು ತೆರವಾಗುತ್ತದೆ. ಈ ದೃಷ್ಟಿಯಿಂದ ನೋಡಿದರೆ ನಿವೃತ್ತಿಯು ಕಸಿದುಕೊಂಡದ್ದಕ್ಕಿಂತ ಕೊಟ್ಟದ್ದೇ ಹೆಚ್ಚು ಎಂದು ಹೇಳಬೇಕಾಗುತ್ತದೆ.

ಹಣದ ವಿಚಾರ

ನಿವೃತ್ತಿ ವೇತನವು ದಾನವೋ ಹಕ್ಕೋ ಎಂಬ ಪ್ರಶ್ನೆಯು ಬಹುಕಾಲ ಚರ್ಚೆಯಲ್ಲಿತ್ತು. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಉತ್ತರ ಕೊಟ್ಟಿತು. ನಿವೃತ್ತಿ ವೇತನವು ಒಡೆಯನು ಮನಸ್ಸು ಬಂದಾಗ ಕೊಡುವ ಕೃಪಾದಾನವಲ್ಲ. ಅದು ಹಿಂದೆ ಸಲ್ಲಿಸಿದ ಸೇವೆಗೆ ಸಂದ ಹಕ್ಕು ಎಂಬುದು ಆ ತೀರ್ಪಿನ ಸಾರ. ಆ ದಿನವನ್ನು ನಿವೃತ್ತರು ‘ಪಿಂಚಣಿದಾರರ ದಿನ’ವಾಗಿ ಆಚರಿಸುತ್ತಾರೆ.

ಶರಣತತ್ತ್ವದ ಬೆಳಕಿನಲ್ಲಿ ಈ ತೀರ್ಪನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ನಿವೃತ್ತಿ ವೇತನವು ನಿನ್ನೆಯ ದುಡಿಮೆಯ ಫಲವಾದರೆ, ಇಂದಿನ ಕಾಯಕದ ಲೆಕ್ಕವು ಇನ್ನೂ ಬಾಕಿ ಉಳಿಯಿತು. ನಿನ್ನೆಯ ಕಾಯಕವನ್ನು ತೋರಿಸಿ ಇಂದಿನ ಕಾಯಕದಿಂದ ಬಿಡುಗಡೆ ಪಡೆಯುವ ಪದ್ಧತಿಯು ಕಲ್ಯಾಣದಲ್ಲಿ ಇರಲಿಲ್ಲ. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಬಂದಾಗ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಹಿಂದಕ್ಕೆ ಸುರಿದುಬರುವಂತೆ ಪತಿಯನ್ನು ಕಳಿಸಿದಳು. ಹೆಚ್ಚಿನ ಅಕ್ಕಿಯು ನಾಳೆಯ ಕಾಯಕವನ್ನು ತಪ್ಪಿಸುತ್ತದೆ ಎಂಬ ಎಚ್ಚರವು ಆಕೆಯಲ್ಲಿತ್ತು.

ನಿವೃತ್ತನಾಗುವಾಗ ಕೈಗೆ ಬರುವ ಉಪದಾನ, ಪರಿವರ್ತನೆಯ ಮೊತ್ತ, ಗಳಿಕೆ ರಜೆಯ ಹಣ ಇವೆಲ್ಲ ಸೇರಿ ಆತನು ಜೀವಮಾನದಲ್ಲಿ ಒಟ್ಟಾಗಿ ಕಾಣದಷ್ಟು ದೊಡ್ಡ ಇಡಿಗಂಟಾಗುತ್ತದೆ. ಇಡಿಗಂಟಿನ ಅಪಾಯವನ್ನು ತಿಳಿಯಬೇಕಾದವರು ಬೀಳಗಿ ತಾಲ್ಲೂಕಿನ ಕೃಷ್ಣಾತೀರದ ಕಡೆಗೆ ನೋಡಬೇಕು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಅಲ್ಲಿಯ ಅನೇಕ ಗ್ರಾಮಗಳ ಮನೆಮಾರುಗಳೂ ಎರೆಯ ಹೊಲಗಳೂ ಮುಳುಗಿದವು. ಜನರು ಪುನರ್ವಸತಿ ಕೇಂದ್ರಗಳಿಗೆ ಬಂದರು. ಪರಿಹಾರವು ಇಡಿಗಂಟಾಗಿ ಬಂದಿತು, ಆದರೆ ಬಿತ್ತುವ ಹೊಲ ಬರಲಿಲ್ಲ. ಹಣವನ್ನು ಮತ್ತೆ ಭೂಮಿಗೋ ಕಸುಬಿಗೋ ತೊಡಗಿಸಿದವರ ಮನೆಗಳು ನಿಂತವು. ಮದುವೆ, ಮೋಟಾರು, ಕೈಸಾಲಗಳಲ್ಲಿ ಅದು ಕರಗಿದ ಮನೆಗಳಲ್ಲಿ ಹಣವೂ ಇಲ್ಲ, ಕಾಯಕವೂ ಇಲ್ಲ. ವಯಸ್ಸಿನಿಂದಲ್ಲ, ನೀರಿನಿಂದ ನಿವೃತ್ತರಾದವರು ಅವರು. ದುಡಿಯುವ ತೋಳಿದ್ದೂ ಕಟ್ಟೆಯ ಮೇಲೆ ಕುಳಿತಿರಬೇಕಾದ ಒಕ್ಕಲಿಗನ ದುಃಖವನ್ನು ಕಂಡವನು, ಕೆಲಸವಿಲ್ಲದಿರುವುದನ್ನು ಸುಖವೆಂದು ಕರೆಯಲಾರನು.

ಬಸವಣ್ಣನವರು ಗುಟ್ಟಾಗಿ ಇಟ್ಟುಬಂದ ಹೊನ್ನನ್ನು ಮೋಳಿಗೆಯ ಮಾರಯ್ಯನು ತನಗೆಂದು ಇಟ್ಟುಕೊಳ್ಳದೆ ಜಂಗಮರಿಗೆ ಸಲ್ಲಿಸಿದನೆಂಬುದು ಪ್ರಸಿದ್ಧ ಪ್ರಸಂಗ. ಸಂಸಾರಸ್ಥರಾದ ನಾವು ಇದನ್ನು ಅಕ್ಷರಶಃ ಅನುಸರಿಸಿ ಉಪದಾನವನ್ನೆಲ್ಲ ಹಂಚಿಬಿಡಬೇಕೆಂದು ಇದರ ಅರ್ಥವಲ್ಲ. ಮುಪ್ಪಿನಲ್ಲಿ ಔಷಧಕ್ಕೆ, ಮನೆಯಾಕೆಯ ಭದ್ರತೆಗೆ, ಯಾರ ಕೈಯನ್ನೂ ಕಾಯದ ಊಟಕ್ಕೆ ಬೇಕಾದುದನ್ನು ಇಟ್ಟುಕೊಳ್ಳುವುದು ವಿವೇಕ. ಮಕ್ಕಳ ಒತ್ತಾಯಕ್ಕೆ ಮಣಿದು ಪೂರ್ತಿ ಮೊತ್ತವನ್ನು ಅವರ ವ್ಯಾಪಾರಕ್ಕೋ ಮನೆಗೋ ಸುರಿದು, ಆಮೇಲೆ ಅವರೆದುರು ಕೈಚಾಚುವುದು ದಾಸೋಹವಲ್ಲ. ಬೇಕಾದಷ್ಟನ್ನು ಇಟ್ಟುಕೊಂಡಮೇಲೆ ಉಳಿದುದರಲ್ಲಿ ಒಂದು ಪಾಲು, ಅದು ಎಷ್ಟೇ ಚಿಕ್ಕದಿರಲಿ, ಪ್ರತಿ ತಿಂಗಳೂ ಮನೆಯಿಂದ ಹೊರಗೆ ಸಲ್ಲಬೇಕು. ಹಾಗೆ ಸಂದಾಗ ನಿವೃತ್ತಿ ವೇತನಕ್ಕೆ ಕಾಯಕದ ಸಂಬಂಧವು ಉಳಿದುಬರುತ್ತದೆ.

ಮನೆಯೊಳಗಿನ ಕಾಯಕ

ಅರುವತ್ತಕ್ಕೆ ನಿವೃತ್ತನಾದ ಪುರುಷನು ತನ್ನ ಮನೆಯಲ್ಲಿ ನಿವೃತ್ತಿಯಿಲ್ಲದ ಒಬ್ಬರು ಇದ್ದಾರೆಂಬುದನ್ನು ಬಹಳ ಸಾರೆ ಗಮನಿಸುವುದಿಲ್ಲ. ಮನೆಯಾಕೆಗೆ ಆದೇಶವೂ ಇಲ್ಲ, ಉಪದಾನವೂ ಇಲ್ಲ. ಬದಲಾಗಿ, ಬೆಳಿಗ್ಗೆ ಹತ್ತಕ್ಕೆ ಹೊರಟು ಸಂಜೆ ಬರುತ್ತಿದ್ದ ಪತಿಯು ಈಗ ಇಡೀ ದಿನ ಮನೆಯಲ್ಲಿ ಇರುವುದರಿಂದ ಆಕೆಯ ಕೆಲಸವು ಹೆಚ್ಚುತ್ತದೆ: ನಡುವೆ ಎರಡು ಸಲ ಚಹ, ಮಧ್ಯಾಹ್ನದ ಬಿಸಿ ರೊಟ್ಟಿ, ಬಂದವರ ಉಪಚಾರ. ಒಬ್ಬರ ನಿವೃತ್ತಿಯು ಇನ್ನೊಬ್ಬರ ದುಡಿಮೆಯನ್ನು ಹೆಚ್ಚಿಸಿದರೆ ಅದನ್ನು ವಿಶ್ರಾಂತಿಯೆಂದು ಕರೆಯುವುದು ಹೇಗೆ?

ಅನುಭವದ ಮಾತುಗಳನ್ನು ಆಲಿಸುತ್ತ ಮೈಮರೆತ ಆಯ್ದಕ್ಕಿ ಮಾರಯ್ಯನನ್ನು ಎಚ್ಚರಿಸಿ ಕಾಯಕಕ್ಕೆ ಕಳಿಸಿದವಳು ಲಕ್ಕಮ್ಮನೇ. ಶೂನ್ಯಸಂಪಾದನೆಯನ್ನು ಓದಿದವರಿಗೆ ಈ ಸಂದರ್ಭದ ಸೂಕ್ಷ್ಮತೆಯು ತಿಳಿದಿದೆ. ಆತನು ಕಾಡುಹರಟೆಯಲ್ಲಿ ಇರಲಿಲ್ಲ; ಪ್ರಭುದೇವರ ಸನ್ನಿಧಿಯಲ್ಲಿ ಇದ್ದನು. ಹಾಗಿದ್ದರೂ ಆಕೆಯ ಎಚ್ಚರಿಕೆಯು ಸರಿಯೆಂದೇ ಆ ಗ್ರಂಥವು ತೋರಿಸುತ್ತದೆ. ಶಿವಾನುಭವಗೋಷ್ಠಿಯ ನೆಪದಲ್ಲಿ ಮನೆಯ ಹೊರೆಯನ್ನೆಲ್ಲ ಒಬ್ಬಳ ಮೇಲೆ ಬಿಟ್ಟು ಬರುವ ನಮ್ಮಂಥವರಿಗೆ ಲಕ್ಕಮ್ಮನ ಮಾತು ತಟ್ಟಬೇಕು. ನೀರು ತುಂಬುವುದು, ಕಾಯಿಪಲ್ಲೆ ಸೋಸುವುದು, ಮೊಮ್ಮಗುವನ್ನು ಶಾಲೆಗೆ ಬಿಟ್ಟುಬರುವುದು ಇವುಗಳಲ್ಲಿ ಯಾವುದೂ ಕೀಳಾದ ಕೆಲಸವಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ಭಾಷಣ ಮಾಡಿದವನಿಗೆ ಅದನ್ನು ಅಡುಗೆಮನೆಯಲ್ಲಿ ತೋರಿಸುವ ಅವಕಾಶವು ಈಗ ಬಂದಿದೆ.

ಇದರ ಜೊತೆಗೆ ಕಲಿಯಬೇಕಾದ ಇನ್ನೊಂದು ವಿದ್ಯೆಯಿದೆ. ಅದು ಸ್ವೀಕರಿಸುವ ವಿದ್ಯೆ. ಕೊಡುತ್ತಿದ್ದ ಕೈ ತೆಗೆದುಕೊಳ್ಳುವ ಕೈಯಾಗುವಾಗ ಅಭಿಮಾನವು ನೋಯುತ್ತದೆ. ಮಗನು ತಂದ ಔಷಧ, ಸೊಸೆಯು ಬಡಿಸಿದ ಅನ್ನ, ಮೊಮ್ಮಗನು ಹಿಡಿದ ಕೈ ಇವನ್ನು ಪ್ರಸಾದಭಾವದಿಂದ ಸ್ವೀಕರಿಸಿದವನಿಗೆ ಅವು ಋಣಭಾರವಾಗುವುದಿಲ್ಲ. ಬಂದುದನ್ನು ಪ್ರಸಾದವೆಂದು ಕೈಕೊಳ್ಳುವುದು ಪ್ರಸಾದಿಸ್ಥಲದ ಪ್ರಥಮ ಪಾಠವಷ್ಟೆ. ಹಟದಿಂದ ನಿರಾಕರಿಸುವುದೂ ಗೊಣಗುತ್ತ ಸ್ವೀಕರಿಸುವುದೂ ಎರಡೂ ಅಹಂಕಾರದ ಮುಖಗಳೇ.

ಹಿರಿಯರ ಮಾದರಿಗಳು

ಈ ತತ್ತ್ವಕ್ಕೆ ಜೀವಂತ ದೃಷ್ಟಾಂತಗಳು ನಮ್ಮ ಸುತ್ತಲೇ ಇವೆ. ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಜನಿಸಿದವರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1946ರಲ್ಲಿ ನಿವೃತ್ತರಾದಮೇಲೆ ದೊಡ್ಡ ನಗರದಲ್ಲಿ ನೆಲೆಸದೆ, ವಿಜಯಪುರ ಜಿಲ್ಲೆಯ ನಿಂಬಾಳವೆಂಬ ಸಣ್ಣ ಊರಿನಲ್ಲಿ ನಿಂತರು. 1957ರಲ್ಲಿ ದೇಹ ಬಿಡುವವರೆಗೆ ಅವರ ನಾಮಸ್ಮರಣೆಯಾಗಲಿ ಗ್ರಂಥರಚನೆಯಾಗಲಿ ನಿಲ್ಲಲಿಲ್ಲ. ಕನ್ನಡದ ಅನುಭಾವಿಗಳ ಸಾಹಿತ್ಯವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ಅವರ ಕಾಲಾನಂತರ ಪ್ರಕಟವಾಯಿತು. ಉಪನಿಷತ್ತಿನಿಂದ ಆರಂಭಿಸಿದ ವಿದ್ವಾಂಸನ ದುಡಿಮೆಯು ಇಳಿವಯಸ್ಸಿನಲ್ಲಿ ಹುಟ್ಟಿದ ನೆಲದ ಭಾಷೆಗೆ ಹಿಂದಿರುಗಿತು.

ಫ. ಗು. ಹಳಕಟ್ಟಿಯವರನ್ನು ಸ್ಮರಿಸದೆ ವಚನಸಾಹಿತ್ಯದ ಯಾವ ಲೇಖನವೂ ಮುಗಿಯದು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ತಾಡವೋಲೆಗಳನ್ನು ಹುಡುಕುತ್ತ ಊರೂರು ಅಲೆದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1880ರಲ್ಲಿ ಹುಟ್ಟಿದ ಅವರಿಗೆ 1940ರಲ್ಲಿ ಅರುವತ್ತು ತುಂಬಿತು. ಆಗ ಅವರು ನಿಂತಿದ್ದರೆ ಕೇ‌ಳುವವರು ಯಾರೂ ಇರಲಿಲ್ಲ. 1964ರಲ್ಲಿ ಲಿಂಗೈಕ್ಯರಾಗುವವರೆಗಿನ ಇಳಿವಯಸ್ಸಿನಲ್ಲಿಯೂ ವಚನಗಳೇ ಅವರ ಉಸಿರಾಗಿದ್ದವು. ವಕೀಲಿಯನ್ನು ಅವರು ಬಿಟ್ಟರು, ಕಾಯಕವನ್ನು ಬಿಡಲಿಲ್ಲ.

ಮೂರನೆಯ ಉದಾಹರಣೆಯು ಮುಧೋಳಕ್ಕೆ ಸಂಬಂಧಿಸಿದ್ದು. ಕವಿಚಕ್ರವರ್ತಿ ರನ್ನನ ಈ ಊರಿನಲ್ಲಿ 1995ರಲ್ಲಿ 64ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ನಡೆದಾಗ ಅಧ್ಯಕ್ಷರಾಗಿದ್ದವರು ಎಚ್. ಎಲ್. ನಾಗೇಗೌಡರು. ಅವರು ಆಡಳಿತ ಸೇವೆಯ ಅಧಿಕಾರಿಯಾಗಿದ್ದವರು. ಸೇವೆಯಿಂದ ನಿವೃತ್ತರಾದಮೇಲೆ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನು ನಿರ್ಮಿಸಿದರು. ಇಂದು ನಾಡು ಅವರನ್ನು ಸ್ಮರಿಸುವುದು ಕಡತಗಳ ಮೇಲೆ ಮಾಡಿದ ಸಹಿಗಳಿಂದಲ್ಲ, ನಿವೃತ್ತಿಯ ಅನಂತರ ಮಾಡಿದ ಈ ಕೆಲಸದಿಂದ.

ಇವರೆಲ್ಲ ಅಸಾಧಾರಣರು, ನಮ್ಮಿಂದ ಅಷ್ಟು ಆಗದು ಎಂದು ಯಾರಾದರೂ ಹೇಳಬಹುದು. ಅಂಥವರು ರಬಕವಿ-ಬನಹಟ್ಟಿಯ ನೇಕಾರರ ಮನೆಗೆ ಬರಬೇಕು. ಜೇಡರ ದಾಸಿಮಯ್ಯನ ಕಾಯಕವು ಇನ್ನೂ ನಡೆದಿರುವ ಆ ಮನೆಗಳಲ್ಲಿ ಮಗ್ಗವನ್ನು ಮಗನಿಗೆ ಬಿಟ್ಟುಕೊಟ್ಟ ಅಜ್ಜ ಅಜ್ಜಿಯರು ಮೂಲೆ ಹಿಡಿದು ಕೂಡುವುದಿಲ್ಲ. ಅವರು ಕಂಡಿಕೆ ಸುತ್ತುತ್ತಾರೆ, ಹರಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತಾರೆ, ನೂಲಿನ ಗುಣವನ್ನು ಬೆರಳಿನಿಂದ ಮುಟ್ಟಿ ಹೇಳುತ್ತಾರೆ. ಬಡತನವೂ ಅವರನ್ನು ದುಡಿಸುತ್ತದೆಂಬುದನ್ನು ಮರೆಯಬಾರದು. ಮುಪ್ಪಿನ ನೇಕಾರನಿಗೆ ನೆಮ್ಮದಿಯ ಮಾಸಾಶನವು ದೊರೆಯಬೇಕಾದುದು ನ್ಯಾಯವೇ. ಆದರೂ ಆ ಮನೆಯ ಕ್ರಮದಲ್ಲಿ ಒಂದು ತತ್ತ್ವವು ಕಾಣುತ್ತದೆ. ಅಲ್ಲಿ ವಯಸ್ಸಾದಂತೆ ಕಾಯಕವು ನಿಲ್ಲುವುದಿಲ್ಲ, ಬದಲಾಗುತ್ತದೆ. ಲಾಳಿಯನ್ನು ಓಡಿಸುವ ಬಲ ಹೋದಮೇಲೆ ಕಂಡಿಕೆ ಸುತ್ತುವ ಬಲ ಉಳಿದಿರುತ್ತದೆ. ಕಂಡಿಕೆಯಿಲ್ಲದೆ ಲಾಳಿ ಓಡುವುದಿಲ್ಲ. ಹೊಕ್ಕಿನ ಎಳೆಯು ಹಾಸಿನೊಳಗೆ ಸೇರುವುದು ಆ ಮುದುಕರ ಬೆರಳುಗಳಿಂದ ಸುತ್ತಿ ಬಂದಮೇಲೆಯೇ.

ಮುಂದಿನ ದಾರಿ

ಈ ಲೇಖಕನೂ ಶಿಕ್ಷಕ ವೃತ್ತಿಯಿಂದ ನಿವೃತ್ತನಾದವನಾದುದರಿಂದ ತನ್ನ ವರ್ಗದವರಿಗೆ ಕೆಲವು ಸೂಚನೆಗಳನ್ನು ಮಾಡಬಯಸುತ್ತಾನೆ. ನಮ್ಮ ಊರುಗಳಲ್ಲಿ ಕಾಯಕಕ್ಕೆ ಕೊರತೆಯಿಲ್ಲ. ಮಾಸಾಶನದ ಅರ್ಜಿಯನ್ನು ತುಂಬಲಾರದೆ ಕಚೇರಿಯಿಂದ ಕಚೇರಿಗೆ ಅಲೆಯುವ ನೇಕಾರರು, ಪರಿಹಾರದ ಕಾಗದಗಳನ್ನು ಓದಿಸಿಕೊಳ್ಳಲು ಒಬ್ಬರನ್ನು ಹುಡುಕುವ ಮುಳುಗಡೆ ಗ್ರಾಮದವರು ಇದ್ದಾರೆ. ಐದನೆಯ ಇಯತ್ತೆಗೆ ಬಂದರೂ ಕೂಡಿಸಿ ಓದಲು ಬಾರದ ಮಕ್ಕಳಿದ್ದಾರೆ. ವಚನಗಳನ್ನು ಕಂಠಪಾಠ ಮಾಡಿ ಅರ್ಥ ಕೇಳಲು ಬಯಸುವ ತರುಣರಿದ್ದಾರೆ. ಮಗ್ಗದ ಒಂದೊಂದು ಅಂಗಕ್ಕೂ ಒಕ್ಕಲುತನದ ಒಂದೊಂದು ಸಲಕರಣೆಗೂ ನಮ್ಮ ಭಾಗದಲ್ಲಿ ಇರುವ ಹೆಸರುಗಳು, ಅವನ್ನು ಬಲ್ಲ ಹಿರಿಯರೊಡನೆ ಮರೆಯಾಗುತ್ತಿವೆ. ಅವನ್ನು ಬರೆದಿಡುವುದಕ್ಕೆ ಒಂದು ನೋಟುಬುಕ್ಕು, ಒಂದು ಲೇಖನಿ, ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ಸಾಕು. ವಚನಗಳ ಪಾರಿಭಾಷಿಕ ಪದಗಳನ್ನು ಅರ್ಥ ಮಾಡಿಕೊಳ್ಳುವುದಕ್ಕೂ ಈ ಕಸುಬಿನ ನುಡಿಗಳು ನೆರವಾಗುತ್ತವೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು.

ಈ ಕೆಲಸಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡರೆ ಸಾಕು. ಅದಕ್ಕೆ ದಿನದಲ್ಲಿ ಗೊತ್ತಾದ ಒಂದು ಹೊತ್ತು ಇರಬೇಕು. ಅದಕ್ಕಾಗಿ ಪದವಿಯನ್ನಾಗಲಿ ಸನ್ಮಾನವನ್ನಾಗಲಿ ಬಯಸಬಾರದು. ಮೈ ಒಪ್ಪದಿರುವ ದಿನ ಬಿಡಬೇಕು, ಒಪ್ಪಿದ ದಿನ ತಪ್ಪಿಸಬಾರದು. ಶಕ್ತಿಯು ಇನ್ನೂ ಕುಗ್ಗಿದಾಗ ಅದಕ್ಕಿಂತ ಹಗುರವಾದುದನ್ನು ಹಿಡಿಯಬೇಕು. ಹಾಸಿಗೆ ಹಿಡಿದವನಿಗೂ ಬಂದವರ ಕಷ್ಟವನ್ನು ಸಮಾಧಾನದಿಂದ ಕೇಳುವ ಕಾಯಕವು ಉಳಿದೇ ಇರುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿಯೇ ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮವಿದೆ. ಬಿಜ್ಜಳನ ಭಂಡಾರದ ಅಧಿಕಾರವನ್ನು ಬಿಟ್ಟು ಹೊರಟ ಬಸವಣ್ಣನವರು ಮರಳಿ ಬಂದುದು ಅಲ್ಲಿಗೆ. ಅಧಿಕಾರವು ಕಲ್ಯಾಣದಲ್ಲಿಯೇ ಉಳಿಯಿತು. ಅವರೊಂದಿಗೆ ಬಂದುದು ಅವರ ಭಕ್ತಿಯೊಂದೇ. ಹುದ್ದೆಯನ್ನು ಇಳಿಸಿ ಮನೆಗೆ ಬರುವ ನಮ್ಮ ಜೊತೆಗೆ ಏನು ಬರುತ್ತದೆ ಎಂಬುದನ್ನು ನಿವೃತ್ತಿಯ ಆದೇಶವು ಬರುವುದಕ್ಕಿಂತ ಕೆಲವು ವರ್ಷ ಮೊದಲೇ ಪ್ರತಿಯೊಬ್ಬರೂ ತಮ್ಮನ್ನು ತಾವು ಕೇಳಿಕೊಳ್ಳುವುದು ಒಳ್ಳೆಯದು. ಆಗ ಉತ್ತರವನ್ನು ಸಿದ್ಧಪಡಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ.